ಒಗಟನ್ನು ಕೂಡಿ ಬಿಡಿಸುವುದು: ಪರ್ಯಾಯ ವಾಸ್ತವ ಆಟ, ‘ಸಿರಿಭೂವಲಯ’ ಮತ್ತು ಶಾಸನ

೧. ಪ್ರವೇಶ

ಕನ್ನಡ ಪರಂಪರೆಯಲ್ಲಿ ಒಗಟು ಎಂಬುದು ಒಡ್ಡುವವರು ಮತ್ತು ಬಿಡಿಸುವವರು ಎದುರುಬದುರಾಗಿ ಕುಳಿತು ನಡೆಸುವ ವ್ಯವಹಾರ. ಉತ್ತರ ಸರಿಯಾದರೆ ಒಡ್ಡಿದವರು ಒಪ್ಪುತ್ತಾರೆ, ತಪ್ಪಾದರೆ ಅಲ್ಲವೆನ್ನುತ್ತಾರೆ. ಬೆಡಗಿನ ವಚನ ಮತ್ತು ಹರಿದಾಸರ ಮುಂಡಿಗೆಗಳ ವಿಷಯದಲ್ಲಿ ಈ ಸೌಲಭ್ಯವಿಲ್ಲ. ಒಡ್ಡಿದವರು ಕಾಲದಲ್ಲಿ ಮರೆಯಾಗಿದ್ದಾರೆ. ಟೀಕಾಕಾರರು ತಮಗೆ ತೋರಿದ ಅರ್ಥವನ್ನು ಹೇಳಿದ್ದಾರೆ. ಹೀಗಾದಾಗ ಒಂದು ಬಿಡಿಸುವಿಕೆ ಸರಿ, ಇನ್ನೊಂದು ತಪ್ಪು ಎಂದು ಹೇಳುವ ಅಧಿಕಾರ ಯಾವುದಕ್ಕೆ ಸೇರಿದ್ದು? ಓದುಗರ ಸಂಖ್ಯೆಗೋ, ಓದಿದವರ ಪಾಂಡಿತ್ಯಕ್ಕೋ ಅಥವಾ ಪಠ್ಯಕ್ಕೋ? ಪ್ರಸ್ತುತ ಲೇಖನ ಈ ಪ್ರಶ್ನೆಯನ್ನು ಮೂರು ನಿದರ್ಶನಗಳ ಮೂಲಕ ಪರಿಶೀಲಿಸುತ್ತದೆ.

ಮೊದಲನೆಯದು ಅಂತರ್ಜಾಲದ ಆಟಗಾರರು ಸಾವಿರಾರು ಸಂಖ್ಯೆಯಲ್ಲಿ ಸೇರಿ ಬಿಡಿಸಿದ ‘ಪರ್ಯಾಯ ವಾಸ್ತವ ಆಟ’, ಅಂದರೆ ಆಲ್ಟರ್ನೇಟ್ ರಿಯಾಲಿಟಿ ಗೇಮ್. ಉಳಿದ ಎರಡು ನಿದರ್ಶನಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆ ಹಾಗೂ ಅದರ ನೆರೆಹೊರೆಗೆ ಸೇರಿದವು. ದೇವನಹಳ್ಳಿ ತಾಲ್ಲೂಕಿನ ಕುಂದಾಣವನ್ನು ನಡುವೆ ಇಟ್ಟುಕೊಂಡು ನೋಡಿದರೆ, ಪಶ್ಚಿಮದ ನೆಲಮಂಗಲ ತಾಲ್ಲೂಕಿನ ದೊಡ್ಡಬೆಲೆಯು ‘ಸಿರಿಭೂವಲಯ’ದ ಹಸ್ತಪ್ರತಿ ದೊರೆತ ಊರು, ಉತ್ತರದ ನಂದಿಬೆಟ್ಟದ ಬಳಿಯ ಯಲವಳ್ಳಿಯು ಅದರ ಕರ್ತೃ ಕುಮುದೇಂದು ಮುನಿಯ ಊರೆಂದು ಹೇಳಲಾಗುವ ಸ್ಥಳ, ದಕ್ಷಿಣದ ಹೆಬ್ಬಾಳವು ೨೦೧೮ರಲ್ಲಿ ಸುಮಾರು ಕ್ರಿ.ಶ. ೭೫೦ರ ಶಾಸನವೊಂದು ಪತ್ತೆಯಾದ ಸ್ಥಳ. ಸಾಮೂಹಿಕ ಓದಿನ ಪ್ರಶ್ನೆ ನಮಗೆ ಹೊರಗಿನಿಂದ ಬಂದದ್ದಲ್ಲ, ಈ ನೆಲದಲ್ಲಿಯೇ ಇತ್ತು ಎಂಬುದನ್ನು ಈ ಭೂಗೋಳ ಸೂಚಿಸುತ್ತದೆ.

೨. ಸೂತ್ರಧಾರನಿರುವ ಒಗಟು

ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಎ.ಐ.’ ಚಲನಚಿತ್ರದ ಪ್ರಚಾರಕ್ಕಾಗಿ ೨೦೦೧ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ತಂಡವೊಂದು ಒಂದು ಆಟವನ್ನು ರೂಪಿಸಿತು. ಜೋರ್ಡನ್ ವೈಸ್‌ಮನ್ ಮತ್ತು ಎಲಾನ್ ಲೀ ಅದರ ಪ್ರಮುಖ ರೂವಾರಿಗಳು. ಕಥೆ ಬರೆದವರು ಕಾದಂಬರಿಕಾರ ಷಾನ್ ಸ್ಟೂವರ್ಟ್. ಆಟಕ್ಕೆ ಹೆಸರಾಗಲೀ ನಿಯಮಾವಳಿಯಾಗಲೀ ಜಾಹೀರಾತಾಗಲೀ ಇರಲಿಲ್ಲ. ಚಿತ್ರದ ಭಿತ್ತಿಪತ್ರದಲ್ಲಿ ಕಲಾವಿದರ ಹೆಸರುಗಳ ನಡುವೆ ‘ಜನೀನ್ ಸಲ್ಲಾ’ ಎಂಬ ಹೆಸರು, ಪ್ರಜ್ಞೆಯುಳ್ಳ ಯಂತ್ರಗಳ ಚಿಕಿತ್ಸಕಿ ಎಂಬ ವಿಚಿತ್ರ ಹುದ್ದೆಯೊಡನೆ ಅಚ್ಚಾಗಿತ್ತು. ಕುತೂಹಲದಿಂದ ಆ ಹೆಸರನ್ನು ಹುಡುಕಿದವರಿಗೆ ಮುಂದಿನ ಶತಮಾನದ ಕೊಲೆಯೊಂದರ ಕಥೆ ತೆರೆದುಕೊಂಡಿತು. ಆಟದ ಸಾಮಗ್ರಿಯ ಪಟ್ಟಿಯಲ್ಲಿ ೬೬೬ ವಸ್ತುಗಳಿದ್ದುದರಿಂದ ತಯಾರಕರು ಅದನ್ನು ತಮ್ಮೊಳಗೆ ‘ದಿ ಬೀಸ್ಟ್’ ಎಂದು ಕರೆದರು.

ಇದನ್ನು ಬಿಡಿಸಲು ಕಟ್ಟಿಕೊಂಡ ಗುಂಪು ‘ಕ್ಲೌಡ್‌ಮೇಕರ್ಸ್’. ಅದರ ಸದಸ್ಯರ ಸಂಖ್ಯೆ ಏಳು ಸಾವಿರವನ್ನು ದಾಟಿತ್ತು. ತಿಂಗಳುಗಟ್ಟಲೆ ನಡೆಯಬಹುದೆಂದು ತಯಾರಕರು ಸಿದ್ಧಪಡಿಸಿದ್ದ ಒಗಟುಗಳನ್ನು ಗುಂಪು ಮೊದಲ ದಿನವೇ ಬಿಡಿಸಿಬಿಟ್ಟಿತು. ಇದಕ್ಕೆ ಕಾರಣ ಸದಸ್ಯರ ಅಸಾಧಾರಣ ಬುದ್ಧಿವಂತಿಕೆ ಎನ್ನುವುದಕ್ಕಿಂತ ಗುಂಪಿನ ವೈವಿಧ್ಯವೆನ್ನುವುದು ಉಚಿತ. ಒಬ್ಬರಿಗೆ ಸಂಕೇತಲಿಪಿ ಗೊತ್ತು, ಇನ್ನೊಬ್ಬರಿಗೆ ತಂತಿವಾದ್ಯದ ಸ್ವರಲಿಪಿ, ಮತ್ತೊಬ್ಬರಿಗೆ ಅಣುಜೀವಶಾಸ್ತ್ರ. ಕನ್ನಡದ ಅಧ್ಯಯನಕಾರರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಈ ಆಟ ಬೇಡಿದ ಕೌಶಲಗಳನ್ನು ಪಟ್ಟಿಮಾಡಿದ ಆಟಗಾರರ ಬರಹವೊಂದು ಜರ್ಮನ್ ಹಾಗೂ ಜಪಾನಿ ಭಾಷೆಗಳ ಜೊತೆಗೆ ಕನ್ನಡದಿಂದಲೂ ಅನುವಾದ ಮಾಡಬೇಕಾಯಿತೆಂದು ಹೇಳಿ, ಕನ್ನಡವನ್ನು ಹೆಚ್ಚಿನವರು ಕೇಳದ ಭಾಷೆಯೆಂದು ಬಣ್ಣಿಸುತ್ತದೆ. ಕೋಟ್ಯಂತರ ಜನರ ಮನೆಮಾತು ಆ ಗುಂಪಿನ ಪಾಲಿಗೆ ಗುಪ್ತಲಿಪಿಯಾಗಿತ್ತು. ಗುಂಪಿನಲ್ಲಿ ಒಬ್ಬ ಕನ್ನಡಿಗರಿದ್ದರೆ ಅದು ಒಗಟೇ ಅಲ್ಲ. ಎಂದರೆ ಒಗಟಿನ ಕಾಠಿಣ್ಯ ಅರ್ಧ ಪಠ್ಯದಲ್ಲಿದ್ದರೆ ಇನ್ನರ್ಧ ಓದುವ ಗುಂಪಿನ ರಚನೆಯಲ್ಲಿರುತ್ತದೆ.

ಗುಂಪಿನ ಕಾರ್ಯವಿಧಾನದಲ್ಲಿ ಎರಡು ಅಂಶಗಳು ಮುಖ್ಯ. ಒಂದು, ಸದಸ್ಯರು ಬಿಡಿಸಿದ ಪ್ರತಿಯೊಂದು ಒಗಟನ್ನೂ ಬಿಡಿಸಿದ ಕ್ರಮವನ್ನೂ ‘ಜಾಡು’ ಎಂಬರ್ಥದ ಹೆಸರಿನ ದಾಖಲೆಯಲ್ಲಿ ಅನುಕ್ರಮವಾಗಿ ಬರೆದಿಟ್ಟರು. ಹೊಸದಾಗಿ ಸೇರಿದವರು ಆ ಜಾಡಿನಲ್ಲಿ ನಡೆದು ಹಿಂದಿನ ಉತ್ತರಗಳನ್ನು ತಾವೇ ಪರೀಕ್ಷಿಸಬಹುದಿತ್ತು. ಎರಡು, ಉತ್ತರ ಸರಿಯಾದಾಗ ಆಟವೇ ಮುಂದಿನ ಬಾಗಿಲನ್ನು ತೆರೆಯುತ್ತಿತ್ತು. ತೊಗಲುಗೊಂಬೆಯಾಟದ ತೆರೆಯ ಹಿಂದಿನ ಸೂತ್ರಧಾರನಂತೆ ತಯಾರಕರು ಮಾತನಾಡದೆಯೇ ಹೌದು, ಅಲ್ಲ ಎನ್ನುತ್ತಿದ್ದರು. ೨೦೦೪ರ ‘ಐ ಲವ್ ಬೀಸ್’ ಆಟದಲ್ಲಿಯೂ ಇದನ್ನು ಕಾಣಬಹುದು. ಅಲ್ಲಿ ಆಟಗಾರರಿಗೆ ದೊರೆತದ್ದು ೨೧೦ ಸ್ಥಳಗಳ ಅಕ್ಷಾಂಶ-ರೇಖಾಂಶಗಳು ಮತ್ತು ವೇಳೆಗಳು ಮಾತ್ರ. ಅವುಗಳ ಅರ್ಥದ ಬಗ್ಗೆ ನಾನಾ ಊಹೆಗಳು ಹುಟ್ಟಿದವು. ಕೊನೆಗೆ ನಿಗದಿತ ವೇಳೆಗೆ ಆ ಸ್ಥಳಗಳ ಸಾರ್ವಜನಿಕ ದೂರವಾಣಿಗಳು ರಿಂಗಣಿಸಿದಾಗ ಒಂದು ಊಹೆ ಉಳಿದು ಮಿಕ್ಕವು ಬಿದ್ದವು.

ಸೂತ್ರಧಾರನಿಲ್ಲದ ಕಡೆಗೂ ಇದೇ ಅಭ್ಯಾಸ ಹರಿದರೆ ಏನಾಗುತ್ತದೆ? ೨೦೦೧ರ ಸೆಪ್ಟೆಂಬರ್ ೧೧ರ ದಾಳಿಯ ನಂತರ ಕ್ಲೌಡ್‌ಮೇಕರ್ಸ್ ಗುಂಪಿನ ಕೆಲವರು ಆ ಕೃತ್ಯವನ್ನೂ ತಾವು ಕೂಡಿ ಬಿಡಿಸಬಹುದೆಂದು ಸೂಚಿಸಿದರು. ಇದು ಆಟವಲ್ಲವೆಂದು ನಿರ್ವಾಹಕರು ಆ ಚರ್ಚೆಯನ್ನು ನಿಲ್ಲಿಸಿದರು. ಆಟಗಳ ಅಧ್ಯಯನಕಾರ್ತಿ ಜೇನ್ ಮೆಗೊನಿಗಲ್ ೨೦೦೩ರಲ್ಲಿ ಈ ಪ್ರಸಂಗವನ್ನು ವಿಶ್ಲೇಷಿಸಿದ್ದಾರೆ. ಸುಳಿವುಗಳನ್ನು ಹೊಂದಿಸುವ ಶಕ್ತಿ ಗುಂಪಿಗೆ ಒಮ್ಮೆ ಬಂದರೆ, ಸುಳಿವಿಲ್ಲದ ಕಡೆಯೂ ಸುಳಿವು ಕಾಣತೊಡಗುತ್ತದೆ. ಸಿರಿಭೂವಲಯದ ಚರ್ಚೆಗೆ ಈ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆ.

೩. ಸೂತ್ರಧಾರನಿಲ್ಲದ ಒಗಟು: ಸಿರಿಭೂವಲಯ

ಸಿರಿಭೂವಲಯ ಅಕ್ಷರಗಳಲ್ಲಿಲ್ಲ, ಅಂಕಿಗಳಲ್ಲಿದೆ. ಒಂದೊಂದು ಚಕ್ರದಲ್ಲಿ ಅಡ್ಡಕ್ಕೆ ೨೭, ಉದ್ದಕ್ಕೆ ೨೭ ಮನೆಗಳಂತೆ ೭೨೯ ಮನೆಗಳಿದ್ದು, ಪ್ರತಿ ಮನೆಯಲ್ಲಿ ೧ರಿಂದ ೬೪ರೊಳಗಿನ ಅಂಕಿಯಿರುತ್ತದೆ. ಅಂಕಿ ಒಂದು ಧ್ವನಿಯ ಸಂಕೇತ. ಒಂಬತ್ತು ಸ್ವರಗಳ ಹ್ರಸ್ವ, ದೀರ್ಘ, ಪ್ಲುತ ರೂಪಗಳು ೨೭, ವರ್ಗೀಯ ವ್ಯಂಜನಗಳು ೨೫, ಅವರ್ಗೀಯ ವ್ಯಂಜನಗಳು ೮, ಯೋಗವಾಹಗಳು ೪, ಒಟ್ಟು ೬೪. ಈ ಕ್ರಮದಂತೆ ‘ಕುಂದಾಣ’ ಎಂಬ ಹೆಸರನ್ನು ಬರೆದರೆ ೨೮, ೭, ೬೧, ೪೫, ೨, ೪೨, ೧ ಎಂದಾಗುತ್ತದೆ. ಕ್, ಉ, ಬಿಂದು, ದ್, ಆ, ಣ್, ಅ ಎಂದು ಬಿಡಿಸಿ ಓದಬೇಕು. ಆದರೆ ಅಂಕಿಗಳನ್ನು ಎಡದಿಂದ ಬಲಕ್ಕೆ ಓದಿದರೆ ಪದ್ಯ ಹುಟ್ಟುವುದಿಲ್ಲ. ಮನೆಯಿಂದ ಮನೆಗೆ ನಿಯತವಾದ ಗತಿಯಲ್ಲಿ ಸಂಚರಿಸಬೇಕು. ಈ ಗತಿಗೆ ‘ಬಂಧ’ವೆಂದು ಹೆಸರು. ಚಕ್ರಬಂಧ, ಹಂಸಬಂಧ, ಶ್ರೇಣಿಬಂಧ, ಮಯೂರಬಂಧ ಮೊದಲಾದ ಹೆಸರುಗಳನ್ನು ಸಂಪಾದಕರು ಉಲ್ಲೇಖಿಸುತ್ತಾರೆ. ಹೀಗೆ ಓದಿದಾಗ ದೊರೆಯುವುದು ಸಾಂಗತ್ಯದ ಕನ್ನಡ ಪದ್ಯಗಳು. ಆ ಪದ್ಯಗಳ ಮೊದಲ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿದರೆ ಪ್ರಾಕೃತ ಪದ್ಯವೂ ನಡುವಿನ ಅಕ್ಷರಗಳನ್ನು ಜೋಡಿಸಿದರೆ ಸಂಸ್ಕೃತ ಪದ್ಯವೂ ದೊರೆಯುತ್ತವೆಂಬುದು ಸಂಪಾದಕರ ನಿರೂಪಣೆ.

ಈ ಗ್ರಂಥದ ಆಧುನಿಕ ಚರಿತ್ರೆ ಸಾಮೂಹಿಕ ಪ್ರಯತ್ನದ ಚರಿತ್ರೆಯಾಗಿದೆ. ಹಸ್ತಪ್ರತಿ ದೊಡ್ಡಬೆಲೆಯ ಧರಣೇಂದ್ರ ಪಂಡಿತರ ಮನೆತನದಲ್ಲಿತ್ತು. ಅದನ್ನು ಪಡೆದವರು ಪಂಡಿತ ಯಲ್ಲಪ್ಪ ಶಾಸ್ತ್ರಿಗಳು. ಇದಕ್ಕಾಗಿ ಪತ್ನಿಯ ಬಳೆಗಳನ್ನು ಮಾರಿದರೆಂಬ ಪ್ರತೀತಿಯಿದೆ. ಅವರೊಡನೆ ಕರ್ಲಮಂಗಲಂ ಶ್ರೀಕಂಠಯ್ಯನವರು ಮತ್ತು ಕನ್ನಡ ಬೆರಳಚ್ಚು ಯಂತ್ರವನ್ನು ರೂಪಿಸಿದ ಕೆ. ಅನಂತಸುಬ್ಬರಾಯರು ಸೇರಿದರು. ಗ್ರಂಥ ಬಲ್ಲವರು ಒಬ್ಬರು, ಸಂಪಾದಿಸಿ ಪ್ರಚುರಪಡಿಸಿದವರು ಇನ್ನೊಬ್ಬರು, ಕನ್ನಡದ ಅಕ್ಷರಗಳನ್ನು ಕೆಲವೇ ಕೀಲಿಗಳಿಗೆ ಇಳಿಸುವ ಸಮಸ್ಯೆಯನ್ನು ಎದುರಿಸಿ ಪರಿಹರಿಸಿದ್ದವರು ಮತ್ತೊಬ್ಬರು. ಈ ಸಂಯೋಜನೆ ಗಮನಾರ್ಹ. ೧೯೫೩ರಲ್ಲಿ ಬೆಂಗಳೂರಿನ ಸರ್ವಾರ್ಥಸಿದ್ಧಿ ಸಂಘ ಮೊದಲ ಮುದ್ರಣವನ್ನು ಹೊರತಂದಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಆಸಕ್ತಿಯಿಂದ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಹಸ್ತಪ್ರತಿಯ ಮೈಕ್ರೋಫಿಲ್ಮ್ ಸಿದ್ಧವಾಯಿತು. ೧೯೫೭ರಲ್ಲಿ ಯಲ್ಲಪ್ಪ ಶಾಸ್ತ್ರಿಗಳು ತೀರಿಕೊಂಡ ನಂತರ ಕೆಲಸ ಬಹುಕಾಲ ನಿಂತಿತು. ೨೦೦೩ರಲ್ಲಿ ಪುಸ್ತಕ ಶಕ್ತಿ ಪ್ರಕಾಶನದ ಆವೃತ್ತಿ ಬಂದ ಮೇಲೆ ಗಣಕಯಂತ್ರದ ನೆರವಿನಿಂದ ಚಕ್ರಗಳನ್ನು ಬಿಡಿಸುವ ಆಸಕ್ತರ ಹೊಸ ತಲೆಮಾರು ಕಾಣಿಸಿಕೊಂಡಿತು. ಒಟ್ಟು ಚಕ್ರಗಳು ಸುಮಾರು ೧೬,೦೦೦ ಎಂದೂ ಉಪಲಬ್ಧವಾದವು ೧,೨೭೦ ಎಂದೂ ಹೇಳಲಾಗುತ್ತದೆ.

ಇಷ್ಟಾದರೂ ಕನ್ನಡ ವಿದ್ವತ್ತು ಈ ಗ್ರಂಥದ ವಿಷಯದಲ್ಲಿ ಎರಡಾಗಿ ಒಡೆದಿದೆ. ಶ್ರೀಕಂಠಯ್ಯನವರು ಅದನ್ನು ಕ್ರಿ.ಶ. ೮೦೦ರ ಸುಮಾರಿಗೆ ಒಯ್ದರು. ಚಿತ್ರಕಾವ್ಯದ ಅಧಿಕಾರಯುತ ಅಧ್ಯಯನ ನಡೆಸಿದ ಟಿ. ವಿ. ವೆಂಕಟಾಚಲ ಶಾಸ್ತ್ರಿಗಳು ೧೫ನೆಯ ಶತಮಾನಕ್ಕೆ ತಂದರು. ಸಾಂಗತ್ಯದ ಬಳಕೆ ಮತ್ತು ನಡುಗನ್ನಡದ ಭಾಷಾರೂಪ ಎರಡನೆಯ ಅಭಿಪ್ರಾಯದ ಕಡೆಗೇ ವಾಲುತ್ತವೆ. ಒಂದೆಡೆ ೭೧೮ ಭಾಷೆಗಳೂ ಸಕಲ ಶಾಸ್ತ್ರಗಳೂ ಇದರಲ್ಲಿವೆಯೆಂಬ ಉತ್ಸಾಹ; ಇನ್ನೊಂದೆಡೆ ವಿಶ್ವವಿದ್ಯಾಲಯಗಳ ಪಠ್ಯಕ್ರಮಗಳಲ್ಲಿ ಬಹುಮಟ್ಟಿನ ಮೌನ. ಉತ್ಸಾಹ ಹಾಗೂ ಮೌನ ಇವೆರಡರಿಂದಲೂ ಆದ ನಷ್ಟವೆಂದರೆ ಪರೀಕ್ಷೆ ನಡೆಯದೆ ಹೋದದ್ದು.

೪. ಬಿಡಿಸುವಿಕೆಯ ಮೂರು ಹಂತಗಳು

‘ಸಿರಿಭೂವಲಯವನ್ನು ಬಿಡಿಸಲಾಗಿದೆ’ ಎಂಬ ಹೇಳಿಕೆಯೊಳಗೆ ಮೂರು ಬೇರೆಬೇರೆ ಹೇಳಿಕೆಗಳು ಅಡಗಿವೆ. ಅಂಕಿಯನ್ನು ಧ್ವನಿಗೆ ಪರಿವರ್ತಿಸುವುದು ಮೊದಲ ಹಂತ. ಕೋಷ್ಟಕ ನಿಶ್ಚಿತವಾಗಿರುವುದರಿಂದ ಇದು ಯಾಂತ್ರಿಕ. ಇಬ್ಬರು ಮಾಡಿದರೂ ಒಂದೇ ಫಲ ಬರಬೇಕು. ಬಂಧವನ್ನು ಅನುಸರಿಸಿ ಪದ್ಯವನ್ನು ಪಡೆಯುವುದು ಎರಡನೆಯ ಹಂತ. ಇಲ್ಲಿ ತಪ್ಪು ಹೆಜ್ಜೆ ಇಟ್ಟರೆ ಪಠ್ಯವೇ ಅದನ್ನು ತೋರಿಸಿಕೊಡುತ್ತದೆ. ಸಾಂಗತ್ಯದ ಸಾಮಾನ್ಯ ಲಕ್ಷಣದಂತೆ ಒಂದು ಹಾಗೂ ಮೂರನೆಯ ಸಾಲುಗಳಲ್ಲಿ ನಾಲ್ಕು ವಿಷ್ಣುಗಣಗಳೂ, ಎರಡು ಹಾಗೂ ನಾಲ್ಕನೆಯ ಸಾಲುಗಳಲ್ಲಿ ಎರಡು ವಿಷ್ಣುಗಣಗಳ ಮೇಲೊಂದು ಬ್ರಹ್ಮಗಣವೂ ಬರಬೇಕು. ದಾರಿ ತಪ್ಪಿದರೆ ಗಣ ಮುರಿಯುತ್ತದೆ, ಪದ ಕೆಡುತ್ತದೆ, ಮೇಲಿನಿಂದ ಕೆಳಕ್ಕೆ ಓದುವ ಪ್ರಾಕೃತ ಪದ್ಯ ನಿಲ್ಲುವುದಿಲ್ಲ. ಸೂತ್ರಧಾರ ಕಣ್ಮರೆಯಾಗಿದ್ದರೂ ಛಂದಸ್ಸು ಅವನ ಪರವಾಗಿ ಹೌದು, ಅಲ್ಲ ಎನ್ನುತ್ತದೆ. ಆದ್ದರಿಂದ ಈ ಎರಡು ಹಂತಗಳ ಮಟ್ಟಿಗೆ ಸಿರಿಭೂವಲಯ ಪರೀಕ್ಷೆಗೆ ಒಳಪಡಬಲ್ಲ ಕೃತಿ.

ತೊಡಕು ಇರುವುದು ಮೂರನೆಯ ಹಂತದಲ್ಲಿ. ಹೀಗೆ ದೊರೆತ ಅಕ್ಷರಮಾಲೆಯಿಂದ ಓದುಗರು ತಾವೇ ಆರಿಸಿದ ಅಂತರಗಳಲ್ಲಿ ಅಕ್ಷರಗಳನ್ನು ಹೆಕ್ಕಿ ಮತ್ತೊಂದು ಭಾಷೆಯನ್ನೋ ಮತ್ತೊಂದು ಶಾಸ್ತ್ರವನ್ನೋ ಓದುವುದು ಇಲ್ಲಿಯ ವ್ಯವಹಾರ. ಈ ಸ್ವಾತಂತ್ರ್ಯದ ಬೆಲೆಯನ್ನು ಸ್ಥೂಲ ಲೆಕ್ಕವೊಂದರಿಂದ ತಿಳಿಯಬಹುದು. ಒಂದು ಚಕ್ರದ ೭೨೯ ಧ್ವನಿಗಳನ್ನು ಒಂದೇ ಸಾಲಾಗಿ ಇರಿಸೋಣ. ಮೂರು ಧ್ವನಿಗಳ ಪದವೊಂದನ್ನು ಸಮಾನ ಅಂತರದಲ್ಲಿ ಹುಡುಕುತ್ತೇವೆ. ಅಂತರ ೧ರಿಂದ ೧೦೦ರವರೆಗೆ ಎಷ್ಟಾದರೂ ಆಗಬಹುದು. ಹೀಗೆ ಆರಿಸಬಹುದಾದ ಮೂರುಧ್ವನಿಗಳ ಗುಂಪುಗಳು ೬೨,೮೦೦. ಹೆಚ್ಚಾಗಿ ಬಳಕೆಯಾಗುವ ಧ್ವನಿಗಳು ಇಪ್ಪತ್ತು, ಅವು ಸಮಪ್ರಮಾಣದಲ್ಲಿವೆ ಎಂದು ಇಟ್ಟುಕೊಂಡರೆ ಮೂರು ಧ್ವನಿಗಳ ಸಂಯೋಜನೆಗಳು ೮,೦೦೦. ಎಂದರೆ ಆ ಧ್ವನಿಗಳಿಂದಾದ ಯಾವುದೇ ಒಂದು ಪದ ಆಕಸ್ಮಿಕವಾಗಿಯೇ ಒಂದು ಚಕ್ರದಲ್ಲಿ ಸರಾಸರಿ ಎಂಟು ಬಾರಿ ಸಿಗಬೇಕು. ಸಿಕ್ಕಿದ್ದು ಅಚ್ಚರಿಯಲ್ಲ, ಸಿಗದಿದ್ದರೆ ಅಚ್ಚರಿ. ಇದಕ್ಕೆ ಪ್ರತಿಯಾಗಿ, ‘ಪ್ರತಿ ಪದ್ಯದ ಮೊದಲ ಅಕ್ಷರ’ ಎಂಬ ನಿಯಮವನ್ನು ಓದುವ ಮೊದಲೇ ನಿಗದಿ ಮಾಡಿದರೆ ಆಯ್ಕೆಗೆ ಅವಕಾಶವೇ ಇಲ್ಲ. ಅಂಥ ಕಡೆ ಹತ್ತು ಧ್ವನಿಗಳು ಗೊತ್ತಾದ ಪದ್ಯವೊಂದಕ್ಕೆ ಒಂದರ ಹಿಂದೊಂದು ಹೊಂದಿಕೊಂಡರೆ, ಅದು ಆಕಸ್ಮಿಕವಾಗಿರುವ ಸಾಧ್ಯತೆ ಹತ್ತು ಲಕ್ಷ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ.

ಈ ಲೆಕ್ಕದಿಂದ ಸ್ಪಷ್ಟವಾಗುವ ಅಂಶವೆಂದರೆ, ನಿಯಮ ಮೊದಲು ಹುಟ್ಟಿ ಓದು ಆಮೇಲೆ ಬಂದರೆ ಆ ಓದು ಸಾಕ್ಷ್ಯವಾಗುತ್ತದೆ; ಓದು ಮೊದಲು ಬಂದು ನಿಯಮವನ್ನು ಆಮೇಲೆ ಹೊಂದಿಸಿದರೆ ಆಗುವುದಿಲ್ಲ. ಮೇಲಿನಿಂದ ಕೆಳಕ್ಕೆ ಓದುವ ಪ್ರಾಕೃತ ಪದ್ಯ ಮತ್ತು ೭೧೮ ಭಾಷೆಗಳ ಪ್ರತಿಪಾದನೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಮೊದಲನೆಯದನ್ನು ನಂಬುವವರು ಎರಡನೆಯದನ್ನು ನಂಬಬೇಕಿಲ್ಲ. ಎರಡನೆಯದನ್ನು ತಿರಸ್ಕರಿಸುವವರು ಮೊದಲನೆಯದನ್ನು ನೋಡದಿರಲು ಕಾರಣವಿಲ್ಲ. ಚಕ್ರಬಂಧ, ಗೋಮೂತ್ರಿಕೆ, ತುರಗಪದ ಮೊದಲಾದ ಬಂಧಗಳನ್ನು ಅರಿತಿದ್ದ ಚಿತ್ರಕಾವ್ಯ ಪರಂಪರೆಯಲ್ಲಿ ಮೊದಲ ಬಗೆಯ ರಚನೆ ಅಸಂಭವವೂ ಅಲ್ಲ.

೫. ಕಲ್ಲಿನ ಸಾಕ್ಷ್ಯ

ಮೂರನೆಯ ನಿದರ್ಶನ ಶಾಸನಗಳದ್ದು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ ೧೯೦೫ರಲ್ಲಿ ಪ್ರಕಟವಾಯಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ನಗರ ಬೆಳೆದಂತೆ ಅಲ್ಲಿ ದಾಖಲಾದ ಹಲವು ಕಲ್ಲುಗಳು ಕಾಣೆಯಾದವು. ಈಚಿನ ವರ್ಷಗಳಲ್ಲಿ ವಿವಿಧ ವೃತ್ತಿಗಳ ಆಸಕ್ತರು ಅಂತರ್ಜಾಲದ ಮೂಲಕ ಒಂದುಗೂಡಿ, ಹಳೆಯ ಸಂಪುಟವನ್ನು ಕೈಯಲ್ಲಿ ಹಿಡಿದು ಊರೂರು ತಿರುಗಿ ಶಾಸನಗಳನ್ನು ಹುಡುಕಿದರು. ಹೆಬ್ಬಾಳದಲ್ಲಿ ೨೦೧೮ರಲ್ಲಿ ದೊರೆತ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಈ ಚಟುವಟಿಕೆಗೆ ಹೆಚ್ಚಿನ ಗಮನವನ್ನು ತಂದಿತು. ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಯೋಜನೆಯನ್ನು ಕೈಗೊಂಡಿತು. ಇಂತಹ ಪ್ರತಿಕೃತಿಯ ಮೇಲೆ ಬೆಳಕನ್ನು ಬೇಕಾದ ಕೋನದಿಂದ ಹಾಯಿಸಿ ಸವೆದ ಅಕ್ಷರವನ್ನು ಪರಿಶೀಲಿಸಬಹುದು. ಒಬ್ಬರ ಓದನ್ನು ದೂರದ ಇನ್ನೊಬ್ಬರು ಅದೇ ಅಕ್ಷರವನ್ನು ನೋಡಿ ತಿದ್ದಬಹುದು.

ಶಾಸನ ಕೊರೆಸಿದವರು ಇಲ್ಲವಾದರೂ ಕಲ್ಲು ಉಳಿದಿದೆ ಎಂಬುದೇ ಇಲ್ಲಿಯ ವಿಶೇಷ. ಆದರೂ ಕಲ್ಲು ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವುದಿಲ್ಲ. ಹೊಯ್ಸಳ ರಾಮನಾಥನ ರಾಜಧಾನಿಯಾಗಿದ್ದ ಕುಂದಾಣಿಯನ್ನು ಕೆಲವರು ದೇವನಹಳ್ಳಿ ತಾಲ್ಲೂಕಿನ ಕುಂದಾಣವೆಂದು ಗುರುತಿಸಿದರೆ, ಮತ್ತೆ ಕೆಲವರು ಇಂದಿನ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಕುಂದಾಣಿಯೆಂದು ಗುರುತಿಸಿದ್ದಾರೆ. ಹೆಸರಿನ ಹೋಲಿಕೆ ಎರಡಕ್ಕೂ ಸಮಾನ. ಆದ್ದರಿಂದ ಅದು ಚರ್ಚೆಯ ಆರಂಭವಾಗಬಹುದೇ ಹೊರತು ತೀರ್ಮಾನವಾಗಲಾರದು. ಆ ರಾಜನ ಶಾಸನಗಳು ಎಲ್ಲೆಲ್ಲಿ ಹರಡಿವೆ, ಯಾವ ನಾಡುಗಳನ್ನು ಹೆಸರಿಸುತ್ತವೆ ಎಂಬ ಸ್ವತಂತ್ರ ಆಧಾರದಿಂದ ಮಾತ್ರ ಅದು ಇತ್ಯರ್ಥವಾಗಬೇಕು. ಸಿರಿಭೂವಲಯದ ಮೂರನೆಯ ಹಂತದಲ್ಲಿ ಕಂಡ ಅಪಾಯವೇ ಇದು: ಹೊಂದಿಕೆ ಸಿಕ್ಕಿತೆಂಬುದನ್ನು ಉತ್ತರ ಸಿಕ್ಕಿತೆಂದು ತಿಳಿಯುವುದು.

೬. ಉಪಸಂಹಾರ

ಮೇಲಿನ ಮೂರು ನಿದರ್ಶನಗಳನ್ನು ಒಟ್ಟಾಗಿ ನೋಡಿದಾಗ, ಸಾಮೂಹಿಕ ಓದಿಗೆ ಪ್ರಾಮಾಣ್ಯ ಬರುವುದು ಓದಿದವರ ಸಂಖ್ಯೆಯಿಂದಲ್ಲ ಎಂಬುದು ಸ್ಪಷ್ಟ. ಸುಳಿವಿನಿಂದ ಉತ್ತರದವರೆಗಿನ ಜಾಡು ಎಲ್ಲರಿಗೂ ತೆರೆದಿರಬೇಕು. ತಪ್ಪು ಓದನ್ನು ತಪ್ಪೆನ್ನಬಲ್ಲ ಒಂದು ಆಧಾರ ಓದುಗರ ಹೊರಗೆ ಇರಬೇಕು. ಆಟದಲ್ಲಿ ಈ ಆಧಾರ ಸೂತ್ರಧಾರ, ಶಾಸನದಲ್ಲಿ ಕಲ್ಲು, ಸಿರಿಭೂವಲಯದಲ್ಲಿ ಛಂದಸ್ಸು ಮತ್ತು ಮೊದಲೇ ಗೊತ್ತುಪಡಿಸಿದ ಬಂಧ.

ಇದರಿಂದ ಕನ್ನಡ ವಿಭಾಗಗಳು ಕೈಗೊಳ್ಳಬಹುದಾದ ಕಾರ್ಯಕ್ರಮವೊಂದು ರೂಪುಗೊಳ್ಳುತ್ತದೆ. ಮೊದಲನೆಯದಾಗಿ, ಆಯ್ದ ಕೆಲವು ಚಕ್ರಗಳ ಅಂಕಿಗಳು, ಅಕ್ಷರಕೋಷ್ಟಕ ಹಾಗೂ ಬಂಧದ ವಿವರಗಳನ್ನು ವ್ಯಾಖ್ಯಾನದಿಂದ ಬೇರ್ಪಡಿಸಿ, ಮೈಕ್ರೋಫಿಲ್ಮಿನೊಡನೆ ತಾಳೆನೋಡಿ ಪ್ರಕಟಿಸಬೇಕು. ಎರಡನೆಯದಾಗಿ, ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಿಳಿಯದಂತೆ ಎರಡು ಗುಂಪುಗಳು ಅದೇ ಚಕ್ರಗಳನ್ನು ಓದಿ, ಭಿನ್ನವಾದ ಕಡೆಗಳನ್ನು ಪಾಠಾಂತರಗಳಂತೆ ದಾಖಲಿಸಬೇಕು. ಮೂರನೆಯದಾಗಿ, ಹೊಂದಿಕೆಯಾಗದ ಓದುಗಳನ್ನೂ ಉಳಿಸಬೇಕು. ಎಷ್ಟು ದಾರಿಗಳನ್ನು ಪ್ರಯತ್ನಿಸಿ ಬಿಡಲಾಯಿತೆಂದು ತಿಳಿಯದೆ ಹೊಂದಿದ ಒಂದು ದಾರಿಯ ಬೆಲೆಯನ್ನು ಕಟ್ಟಲಾಗದು. ಸ್ನಾತಕೋತ್ತರ ತರಗತಿಯ ಗ್ರಂಥಸಂಪಾದನ ಪತ್ರಿಕೆಗೆ ಇದು ಒಂದು ಸೆಮಿಸ್ಟರಿನಲ್ಲಿ ಮುಗಿಯಬಲ್ಲ ಅಭ್ಯಾಸ. ಇದಕ್ಕೆ ಬೇಕಾದ ಗಣಕಯಂತ್ರ ಇಂದು ಎಲ್ಲ ವಿಭಾಗಗಳಲ್ಲಿಯೂ ಇದೆ. ಪ್ರಾಕೃತ ಬಲ್ಲವರನ್ನು, ಛಂದಸ್ಸು ಬಲ್ಲವರನ್ನು ಮತ್ತು ಲೆಕ್ಕ ಬಲ್ಲವರನ್ನು ಒಂದೇ ಮೇಜಿನ ಸುತ್ತ ಕೂಡಿಸುವುದಷ್ಟೇ ಉಳಿದಿರುವ ಕೆಲಸ. ಹತ್ತು ಚಕ್ರಗಳ ಮಟ್ಟಿಗಾದರೂ ಈ ಪರೀಕ್ಷೆ ನಡೆದರೆ, ಸಿರಿಭೂವಲಯ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಯಾವ ಶತಮಾನಕ್ಕೆ, ಯಾವ ಪರಂಪರೆಗೆ ಸೇರಬೇಕೆಂಬ ಚರ್ಚೆಗೆ ದೃಢವಾದ ನೆಲೆ ಸಿಕ್ಕೀತು.